ಷರಾ ಇಲ್ಲದ ಕಡತ

ಕೊಪ್ಪಳದ ಒಂದು ಬೀಜದ ಕಂಪನಿಯಲ್ಲಿ ಇಪ್ಪತ್ತೈದು ವರ್ಷ ಗುಮಾಸ್ತನಾಗಿದ್ದೆ. ಆ ಅವಧಿಯಲ್ಲಿ ಕುಷ್ಟಗಿ ತಾಲ್ಲೂಕನ್ನು ಎರಡು ಸಲ ಇಲ್ಲವಾಗಿಸಿದ್ದೇನೆ, ಒಬ್ಬ ಗೌಡರನ್ನು ಕಂಪನಿಯ ಹೆಸರಿನಲ್ಲಿ ಬೈದಿದ್ದೇನೆ, ಒಬ್ಬ ಹೆಣ್ಣುಮಗಳ ಮುಂದೆ ಒಂದು ಸುಳ್ಳು ಹೇಳಿದ್ದೇನೆ. ಮೊದಲಿನವನ್ನು ನೆನೆದರೆ ಈಗ ನಗು ಬರುತ್ತದೆ. ಕೊನೆಯದಕ್ಕೆ ನಗು ಬರುವುದಿಲ್ಲ.

ಇದನ್ನು ಬರೆಯಲು ಹಚ್ಚಿದವಳು ನಾಗವೇಣಿ. ನಮ್ಮ ಕಂಪನಿಯ ಕಂಪ್ಯೂಟರ್ ವಿಭಾಗದ ಎಂಜಿನಿಯರ್, ಗಂಗಾವತಿಯವಳು. ನಾನು ನಿವೃತ್ತನಾದ ಮೇಲೆ ಒಮ್ಮೆ ಮನೆಗೆ ಬಂದು, "ಕಾಕಾ, ಹೊಸಬ್ರು ಬಂದಾರ. ನಿಮ್ಮ ಅನುಭವ ಒಂದೀಟು ಬರದು ಕೊಡ್ರಿ. ಪ್ರಮೋಷನ್ ಕಥಿ ಬ್ಯಾಡ" ಎಂದಳು. ಪ್ರಮೋಷನ್ ಆಗಿದ್ದರೆ ತಾನೆ ಕಥೆ ಬರೆಯುವುದು! ೧೯೯೭ರಲ್ಲಿ ಕೊಪ್ಪಳ ಜಿಲ್ಲೆಯಾಯಿತು, ಅದೇ ವರ್ಷ ನಾನು ಗುಮಾಸ್ತನಾದೆ. ಆಮೇಲೆ ಜಿಲ್ಲೆ ಬೆಳೆಯಿತು. ನಾನು ಗುಮಾಸ್ತನಾಗಿಯೇ ಉಳಿದೆ.

ಹುಟ್ಟಿದ್ದು ಯಲಬುರ್ಗಾ ಕಡೆ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಗಣಿತಕ್ಕೆ ಎರಡನೇ ಸಲ ಕೂತು. ಅಕ್ಷರ ಮಾತ್ರ ದುಂಡಗಿದ್ದವು. ಆ ದುಂಡು ಅಕ್ಷರಗಳೇ ನನಗೆ ಕೆಲಸ ಕೊಡಿಸಿದವು.

ಕೆಲಸ ಏನೆಂದು ಮೊದಲು ಹೇಳಬೇಕು. ಕಂಪನಿ ರೈತರಿಗೆ ಹತ್ತಿಯ ಎರಡು ತಳಿಗಳನ್ನು ಕೊಡುತ್ತಿತ್ತು, ಒಂದು ಗಂಡು, ಒಂದು ಹೆಣ್ಣು. ರೈತರು ಎರಡನ್ನೂ ಬೆಳೆದು, ಹೆಣ್ಣು ಗಿಡದ ಮೊಗ್ಗಿನೊಳಗಿನ ಕೇಸರವನ್ನು ಕೈಯಿಂದ ತೆಗೆದು, ಮರುದಿನ ಗಂಡು ಹೂವಿನ ಹುಡಿ ಮುಟ್ಟಿಸಿ ಕೂಡಿಸಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಕೂಡಿಸಿದ ಹೂವಿನ ತೊಟ್ಟಿಗೆ ಒಂದು ಬಣ್ಣದ ದಾರ ಕಟ್ಟುತ್ತಾರೆ. ದಾರ ಇದ್ದ ಕಾಯಿ ಬೀಜಕ್ಕೆ, ಇಲ್ಲದ್ದು ಬೀಜಕ್ಕಲ್ಲ. ಕಂಪನಿ ಹೇಳಿದ ದಿನಕ್ಕೆ ಕ್ರಾಸಿಂಗ್ ನಿಲ್ಲಿಸಿ, ದಾರವಿಲ್ಲದ ಹೂವು, ಮೊಗ್ಗು, ಮಿಡಿ ಎಲ್ಲವನ್ನೂ ಕಿತ್ತು ಹಾಕಬೇಕು. ಮರುದಿನ ಪರಿಶೀಲನೆಯವರು ಬರುತ್ತಾರೆ. ದಾರವಿಲ್ಲದ ಮಿಡಿಗಳು ಗಿಡದಲ್ಲಿ ಕಂಡರೆ ಇಡೀ ಪ್ಲಾಟು ರದ್ದು, ಅಂದರೆ ಕಂಪನಿ ಆ ಬೀಜ ಕೊಳ್ಳುವುದಿಲ್ಲ. ಕ್ರಾಸಿಂಗ್ ನಿಲ್ಲಿಸುವ ದಿನ ಯಾವುದೆಂದು ರೈತರಿಗೆ ತಿಳಿಸುವುದು ನಮ್ಮ ಕಚೇರಿಯ ಕೆಲಸ, ಅಂದರೆ ನನ್ನ ಕೆಲಸ.

ಭಾಗ್ಯನಗರದ ದಾರಿಯಲ್ಲಿ ಒಂದು ಅಂಗಡಿಯ ಮೇಲೆ ಕಚೇರಿ. ಅಲ್ಲಿ ನನ್ನ ಗುರು ಹೆಡ್ ಕ್ಲಾರ್ಕ್ ಖಾದರ್ ಸಾಹೇಬರು. ರಿಜಿಸ್ಟರಿನಲ್ಲಿ ಹತ್ತು ಕಲಂ: ಹೆಸರು, ಊರು, ಎಕರೆ, ಬಿತ್ತಿದ ದಿನ ಹೀಗೆ. ಕೊನೆಯದು ಷರಾ, ಅಂದರೆ ಟಿಪ್ಪಣಿ. ಮೊದಲ ದಿನ ನಾನು ಷರಾ ಕಲಂ ಖಾಲಿ ಬಿಟ್ಟು ಪುಟ ಒಪ್ಪಿಸಿದೆ. ಸಾಹೇಬರು ಕನ್ನಡಕ ಇಳಿಸಿ ನನ್ನನ್ನು ನೋಡಿದರು.

"ಏನಪಾ ಶೇಖರಪ್ಪಾ, ಊಟಾ ಬಡಿಸಿ ಉಪ್ಪು ಮರತೀಯಲ್ಲೊ?"

"ಅದರಾಗ ಬರಿಯೂದೇನೂ ಇದ್ದಿಲ್ರಿ ಸಾಹೇಬ್ರ."

"ಒಂಬತ್ತು ಕಲಂ ಮಾಲಕರಿಗೆ. ಹತ್ತನೇದ್ದು ನಮಗ. ಊರು ಗೊತ್ತಾದ್ರ ಸಾಲೂದಿಲ್ಲೋ ತಮ್ಮಾ, ಊರಾಗ ಹೆಂಗ ಹೋಗಬೇಕು ಅಂಬೂದು ಗೊತ್ತಾಗಬೇಕು."

ಅಂದಿನಿಂದ ನನಗೆ ಷರಾ ಬರೆಯುವ ಚಟ ಹತ್ತಿತು. "ಇವರ ಮನೆಯ ನಾಯಿ ಕಚ್ಚುತ್ತದೆ." "ಸೋಮವಾರ ಹೊಲಕ್ಕೆ ಹೋಗುವುದಿಲ್ಲ." "ಕಿನ್ನಾಳದ ಬೀಗರ ಮನೆಯಲ್ಲಿ ಇರುತ್ತಾರೆ, ಅಲ್ಲಿ ವಿಚಾರಿಸುವುದು." "ಮಾತು ಜಾಸ್ತಿ, ಕೂತರೆ ಏಳಲು ಬಿಡುವುದಿಲ್ಲ." ಪರಿಶೀಲನೆಗೆ ಹೋಗುವವರು ಹೊರಡುವ ಮುಂಚೆ ಉಳಿದ ಒಂಬತ್ತು ಕಲಂ ಬಿಟ್ಟು ನನ್ನ ಷರಾ ಓದಿಕೊಂಡು ಹೋಗುತ್ತಿದ್ದರು. ನನಗೆ ಅದರಿಂದ ಸಣ್ಣ ಕೊಂಬು ಮೂಡಿತು.

ಖಾದರ್ ಸಾಹೇಬರು ನಿವೃತ್ತರಾಗಿ ಹೋದರು, ಕಂಪ್ಯೂಟರ್ ಬಂತು. ಮೊದಲು ಬಂದದ್ದು ಎಕ್ಸೆಲ್ ಎಂಬ ಚೌಕಳಿ ಚೌಕಳಿಯ ಹಾಳೆ. ಅದರಲ್ಲೂ ಕೊನೆಗೆ ಷರಾ ಕಲಂ ಹಾಕಿಕೊಂಡೆ. ಸಾಲದೆಂದು, ಎಕರೆಯ ಚೌಕದಲ್ಲೂ "೨, ಆದರೆ ಒಂದು ಅಣ್ಣನ ಹೆಸರಿನಲ್ಲಿ" ಎಂದು ಬರೆದೆ. ಯಂತ್ರ ಅದನ್ನು ಅಂಕಿ ಎಂದು ಒಪ್ಪಲಿಲ್ಲ. ನಮ್ಮ ಮ್ಯಾನೇಜರ್ ಪಾಟೀಲ ಸಾಹೇಬರು ಮೇಲಿನವರಿಗೆ ಕಳಿಸಿದ ವರದಿಯಲ್ಲಿ ಗಂಗಾವತಿ ತಾಲ್ಲೂಕಿನ ಅರ್ಧ ಹತ್ತಿ ಇರಲೇ ಇಲ್ಲ. ಪಾಟೀಲರು ಕೂಗಾಡುವವರಲ್ಲ. "ಶೇಖರಪ್ಪ, ಆ ಅಣ್ಣಗ ಹೇಳು, ತಮ್ಮನ ಚೌಕಿನ್ಯಾಗಿಂದ ಎದ್ದು ಹೊರಗ ಬಾ ಅಂತ" ಎಂದಷ್ಟೇ ಅಂದರು.

ಮುಂದೆ ನಾಗವೇಣಿ ಬಂದಳು. ಊರೂರಿಗೆ ಆಳು ಕಳಿಸಿ ಹೇಳುವುದನ್ನು ಬಿಟ್ಟು ಫೋನಿಗೆ ತಾನಾಗಿ ಮೆಸೇಜ್ ಹೋಗುವ ವ್ಯವಸ್ಥೆ ಮಾಡುವುದು ಅವಳ ಕೆಲಸ. ನಾನು ಮೊದಲ ದಿನ "ಮೇಡಂ" ಎಂದೆ. "ನಮ್ಮಪ್ಪನ ವಾರಿಗಿ ಅದೀರಿ. ಮೇಡಂ ಅಂದ್ರ ನಾ ನಿಮಗ ಸರ್ ಅಂತೀನಿ ನೋಡ್ರಿ" ಎಂದು ಹೆದರಿಸಿದಳು. ನನ್ನನ್ನು ಯಾರೂ ಸರ್ ಎಂದಿರಲಿಲ್ಲ. ಆ ಅಪಾಯಕ್ಕೆ ಕೈ ಹಾಕದೆ ಅವಳಿಗೆ ಕಾಕಾ ಆದೆ.

ಅವಳು ತಂದ ಕಡತದ ರೀತಿಗೆ ಜೇಸನ್ ಎಂದು ಹೆಸರು. ಬಾಗಿದ ಬ್ರಾಕೆಟ್ಟಿನ ಒಳಗೆ ಒಬ್ಬ ರೈತ. ಅವನ ಹೆಸರು, ಊರು, ಫೋನ್ ನಂಬರು ಎಲ್ಲ ಒಂದೊಂದು ಸಾಲು. ಆಮೇಲೆ ಬ್ರಾಕೆಟ್ ಮುಚ್ಚಿ, ಅಲ್ಪವಿರಾಮ ಹಾಕಿ, ಮುಂದಿನ ರೈತ. ಕೊನೆಯ ರೈತನ ನಂತರ ಮಾತ್ರ ಅಲ್ಪವಿರಾಮ ಇರಬಾರದು. ಇದನ್ನು ಕಲಿಯಲು ನನಗೆ ಒಂದು ವಾರ ಹಿಡಿಯಿತು. ಪಂಕ್ತಿಯಲ್ಲಿ ಕೊನೆಯವನ ಆಚೆ ಒಂದು ಖಾಲಿ ಎಲೆ ಹಾಕಿಟ್ಟರೆ ಬಡಿಸುವವನು ಅಲ್ಲಿ ನಿಂತುಬಿಡುತ್ತಾನಲ್ಲ, ಹಾಗೆ ಯಂತ್ರ ನಿಂತುಬಿಡುತ್ತಿತ್ತು.

ಆ ಕಡತವನ್ನು ತಿದ್ದಲು ಅವಳು ಒಂದು ಎಡಿಟರ್ ಕೊಟ್ಟಳು. ನಾವು ಅದನ್ನು "ಗಿಡ" ಎನ್ನುತ್ತಿದ್ದೆವು. ಪರದೆಯ ಎಡಕ್ಕೆ ಟೊಂಗೆ ಟೊಂಗೆಯಾಗಿ ತಾಲ್ಲೂಕು, ಊರು, ರೈತ. ಒಂದೊಂದು ಎಲೆಗೂ ಒಂದು ತಲೆಬರಹ. ತಲೆಬರಹ ಒತ್ತಿದರೆ ಬಲಕ್ಕೆ ಅದರ ಒಡಲು, ಅಂದರೆ ಆ ರೈತನ ಸಾಲುಗಳು. ನೂರಾರು ಸಾಲಿನ ಉದ್ದ ಕಡತದಲ್ಲಿ ಕಣ್ಣು ಕಳೆದುಕೊಳ್ಳುವ ಬದಲು ಬೇಕಾದ ಎಲೆಗೆ ನೇರ ಹೋಗಬಹುದು. ನನಗೆ ಬಹಳ ಹಿಡಿಸಿತು. ಹುಡುಕಾಡಿದೆ, ಹುಡುಕಾಡಿದೆ, ಒಂದು ಮಾತ್ರ ಕಾಣಲಿಲ್ಲ.

"ತಂಗಿ, ಷರಾ ಎಲ್ಲೈತಿ?"

"ಇಲ್ರಿ ಕಾಕಾ."

"ಇಲ್ಲಂದ್ರ?"

"ಬ್ಯಾರೆ ಕಡತದಾಗ ಯಂತ್ರ ಓದಲಾರದ ಸಾಲು ಅಂತ ಇರ್ತಾವ. ಮನಷ್ಯಾರು ಮನಷ್ಯಾರಿಗೆ ಬರಿಯೂದು. ಜೇಸನ್ನಿನ್ಯಾಗ ಅದಕ್ಕ ಜಾಗಾನ ಇಲ್ಲ. ಬರದದ್ದೆಲ್ಲಾ ಯಂತ್ರ ಓದತೈತಿ."

ಷರಾ ಇಲ್ಲದ ರಿಜಿಸ್ಟರು! ಇಷ್ಟು ವರ್ಷದ ಗುಮಾಸ್ತನಿಗೆ ಅದು ಬಾಗಿಲಿಲ್ಲದ ಮನೆಯಂತೆ ಕಂಡಿತು. ಅವಳಿಗೆ ತಿಳಿಯದಿರಬಹುದು, ಹುಡುಗಿ, ಎಂದುಕೊಂಡೆ. ಬೇರೆ ಕಡತಗಳಲ್ಲಿ ಅವಳು ಎರಡು ಓರೆ ಗೀಟು ಎಳೆದು ಮುಂದೆ ಟಿಪ್ಪಣಿ ಬರೆಯುವುದನ್ನು ನೋಡಿದ್ದೆ. ಕುಷ್ಟಗಿಯ ಕಡತದಲ್ಲಿ ನಾನೂ ಎರಡು ಗೀಟು ಎಳೆದು ಬರೆದೆ: "ನಾಯಿ ಕಚ್ಚುತ್ತದೆ." ಯಂತ್ರ ಆ ನಾಯಿಯನ್ನು ದಾಟಲಿಲ್ಲ. ಕಡತವನ್ನೇ ತಿರಸ್ಕರಿಸಿತು. ಅಂದು ಕುಷ್ಟಗಿ ತಾಲ್ಲೂಕಿನ ಒಬ್ಬರಿಗೂ ಮೆಸೇಜ್ ಹೋಗಲಿಲ್ಲ. ಇದು ಮೊದಲನೇ ಸಲ.

ಎರಡನೆಯದು ಇನ್ನೂ ಜಾಣತನದ್ದು. ಗಿಡದಲ್ಲಿ ಕಡತ ಉಳಿಸಲು ಎರಡು ರೀತಿ ಇದ್ದವು. ಒಂದರಲ್ಲಿ ಎಡಿಟರ್ ತನ್ನ ಟೊಂಗೆಗಳ ನೆನಪಿಗೆ ಕಡತದ ಒಳಗೇ ಗುರುತಿನ ಸಾಲು ಬರೆದುಕೊಳ್ಳುತ್ತದೆ. ಇನ್ನೊಂದರಲ್ಲಿ ಕಡತವನ್ನು ಶುದ್ಧವಾಗಿ ಬಿಟ್ಟು, ಟೊಂಗೆಗಳ ನೆನಪನ್ನು ತನ್ನದೇ ಬೇರೆ ಕಡತದಲ್ಲಿ ಇಟ್ಟುಕೊಳ್ಳುತ್ತದೆ. ಜೇಸನ್ನಿಗೆ ಎರಡನೆಯದೇ ಆಗಬೇಕು ಎಂದು ನಾಗವೇಣಿ ಹೇಳಿದ್ದಳು. ನನಗೋ, ನೆನಪು ಕಡತದ ಒಳಗೇ ಇದ್ದರೆ ಭದ್ರ ಎನಿಸಿತು. ಮೊದಲ ರೀತಿಗೆ ಬದಲಿಸಿದೆ. ಎಡಿಟರ್ ಪ್ರತಿ ರೈತನ ಮೇಲೂ ಕೆಳಗೂ ತನ್ನ ಗುರುತು ಹೊಡೆಯಿತು. ಮೆಸೇಜ್ ಕಳಿಸುವ ಯಂತ್ರ ಮೊದಲನೇ ಸಾಲಿನಲ್ಲೇ ಕಾಲು ಮುರಿದುಕೊಂಡಿತು. ಕುಷ್ಟಗಿ ಮತ್ತೆ ಮಾಯ.

"ಕಾಕಾ, ಕುಷ್ಟಗಿ ಮ್ಯಾಲ ಏನರ ಹಳೇ ಸಿಟ್ಟೈತೇನ್ರಿ?" ಎಂದಳು ನಾಗವೇಣಿ.

ಮೂರನೇ ಉಪಾಯಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಯಂತ್ರಕ್ಕೆ ಎಲ್ಲವೂ ಮಾಹಿತಿಯೇ ಆಗಬೇಕಾದರೆ ಷರಾವನ್ನೂ ಮಾಹಿತಿಯನ್ನಾಗಿ ಮಾಡಿದರಾಯಿತು. ಹೆಸರು, ಊರು, ಫೋನು ಇದ್ದ ಹಾಗೆ ಪ್ರತಿ ರೈತನ ಕೊನೆಗೆ "ಷರಾ" ಎಂದೇ ಒಂದು ಸಾಲು ಸೇರಿಸಿದೆ. ಯಂತ್ರ ತಕರಾರಿಲ್ಲದೆ ನುಂಗಿತು. ನುಂಗಿದ್ದನ್ನು ಎಲ್ಲಿ ಕಾರುತ್ತದೆ ಎಂದು ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಹನುಮಗೌಡರು ಮೆಟ್ಟಿಲು ಹತ್ತಿ ಬಂದರು. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಗಡಿಯ ಊರಿನವರು, ನಮ್ಮ ಹಳೆಯ ಬೀಜದ ರೈತರು. ಕೈಯಲ್ಲಿ ಫೋನು ಹಿಡಿದಿದ್ದರು.

"ಇದನ್ನ ಯಾರ ಬರದಾರ? ಓದ್ರಿ, ನೀವ ಓದ್ರಿ."

ಓದಿದೆ. "ನಿಮ್ಮ ಪ್ಲಾಟಿನ ಪರಿಶೀಲನೆ ಶುಕ್ರವಾರ. ಮಾತು ಜಾಸ್ತಿ, ಕೂತರೆ ಏಳಲು ಬಿಡುವುದಿಲ್ಲ."

"ನಂದು ಮಾತು ಜಾಸ್ತಿ?" ಗೌಡರು ಕುರ್ಚಿ ಎಳೆದು ಕೂತರು. "ಮಾತು ಜಾಸ್ತಿ ಅಂದ್ರ ಏನು ಅಂಬೂದು ಮೊದಲ ತಿಳಕೋರಿ. ನಮ್ಮ ದೊಡ್ಡಪ್ಪ ಇದ್ದ, ಅವನದು ಮಾತು ಜಾಸ್ತಿ. ಒಮ್ಮೆ ಏನಾತಪಾ ಅಂದ್ರ..."

ದೊಡ್ಡಪ್ಪನ ಕಥೆ ಮುಗಿಯುವ ಹೊತ್ತಿಗೆ ಎರಡು ಸಲ ಚಹಾ ಬಂದು ಹೋಗಿತ್ತು. ಪಾಟೀಲ ಸಾಹೇಬರು ಊಟಕ್ಕೆ ಎದ್ದು ಹೋಗಿ, ಉಂಡು, ತಿರುಗಿ ಬಂದಿದ್ದರು. ಕೊನೆಗೆ ಗೌಡರು ಮೇಲೇಳುತ್ತ, "ಇನ್ನೊಮ್ಮೆ ಹಿಂಗ ಬರೀಬ್ಯಾಡ್ರಿ. ನಂಗ ಭಾಳ ಮಾತಾಡಾಕ ಬರೂದಿಲ್ಲ, ಅದಕ್ಕ ಇಷ್ಟಕ್ಕ ಬಿಟ್ಟೀನಿ" ಎಂದರು.

ಅವರು ಹೋದ ಮೇಲೆ ನಾಗವೇಣಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ನಕ್ಕು ಮುಗಿಸಿ, "ಕಾಕಾ, ತಲೆಬರಹದಾಗ ಬರಕೋರಿ. ಗಿಡದಾಗಿನ ತಲೆಬರಹ ಜೇಸನ್ ಕಡತಕ್ಕ ಹೋಗೂದಿಲ್ಲ, ನಮ್ಮ ಹಂತ್ಯಾಕ ಉಳೀತಾವ" ಎಂದಳು.

ಹೊಸದಾಗಿ ಕೆಲಸಕ್ಕೆ ಬಂದವರೇ, ಇಲ್ಲಿಂದ ಮುಂದೆ ಗಮನವಿಟ್ಟು ಓದಿ. ನನ್ನ ನಿಜವಾದ ತಪ್ಪು ಇಲ್ಲಿ ಶುರುವಾಗುತ್ತದೆ. ಇದರಲ್ಲಿ ಯಂತ್ರ ಎಲ್ಲೂ ನಿಲ್ಲಲಿಲ್ಲ.

ಪ್ರತಿ ರೈತನ ತಲೆಬರಹದಲ್ಲಿ ಷರಾ ಬರೆದೆ. ಹೆಸರು ಬರೆಯಲಿಲ್ಲ. ಹೆಸರು ಒಡಲಿನಲ್ಲಿ ಇದ್ದೇ ಇದೆ, ಎರಡೆರಡು ಸಲ ಯಾಕೆ ಎನ್ನುವ ಸೋಮಾರಿತನ. ಕಚೇರಿಯಲ್ಲಿ ಬೇರೆ ಯಾರ ಕಂಪ್ಯೂಟರಿನಲ್ಲೂ ಆ ಗಿಡ ಇರಲಿಲ್ಲ. ಬೇಕೆಂದೇ ಯಾರಿಗೂ ಕೊಟ್ಟಿರಲಿಲ್ಲ. ಪರಿಶೀಲನೆಗೆ ಹೊರಡುವವರು ಹಿಂದೆ ರಿಜಿಸ್ಟರಿಗೆ ಬರುತ್ತಿದ್ದ ಹಾಗೆ ಈಗ ನನ್ನ ಮೇಜಿಗೆ ಬರಬೇಕು, "ಶೇಖರಪ್ಪಾರ, ಆ ಊರಿನ ನಾಯಿ ಹೆಂಗೈತ್ರಿ?" ಎಂದು ಕೇಳಬೇಕು. ಅದು ನನಗೆ ಬೇಕಾಗಿತ್ತು.

ಆ ತಲೆಬರಹಗಳಲ್ಲಿ ಒಂದು: "ನಂಬರು ಅಳಿಯನದು. ಊರಿನ ಹಿಟ್ಟಿನ ಗಿರಣಿಗೆ ಫೋನ್ ಮಾಡಿ ಹೇಳುವುದು." ಅದರ ಒಡಲು ದೇವಕ್ಕನದು.

ದೇವಕ್ಕನ ಊರೂ ಹನುಮಗೌಡರ ಊರಿನ ಹತ್ತಿರವೇ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಿಂತು ಬೀಜದ ಪ್ಲಾಟು ಮಾಡುತ್ತಿದ್ದಳು. ಅವಳ ಕೈಕೆಳಗೆ ಎಂಟು ಹೆಣ್ಣುಮಕ್ಕಳು ಕ್ರಾಸಿಂಗ್ ಮಾಡುತ್ತಿದ್ದರು. ಹೆಂಗಸಿನ ಹೆಸರಿಗೆ ಪ್ಲಾಟು ಯಾಕೆ, ಮೈದುನನ ಹೆಸರಿಗೆ ಬರೆಸು ಎಂದು ಊರಿನ ಕೆಲವರು ವರ್ಷವೂ ಅನ್ನುತ್ತಿದ್ದರು. ಪ್ಲಾಟು ಪಾಸಾಗುವುದೇ ಅವಳು ಅವರಿಗೆ ಕೊಡುತ್ತಿದ್ದ ಉತ್ತರ. ಅವಳ ಹತ್ತಿರ ಫೋನಿರಲಿಲ್ಲ. ಪಟ್ಟಿಯಲ್ಲಿದ್ದ ನಂಬರು ಅಳಿಯನದು. ಅಳಿಯ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಊರಿಗೆ ಬಂದಾಗ ಬಂದ. ಅದಕ್ಕೆ ನಾನು ಅವಳ ಊರಿನ ಹಿಟ್ಟಿನ ಗಿರಣಿಯ ಯಮನಪ್ಪನಿಗೆ ಫೋನ್ ಮಾಡಿ ಹೇಳುತ್ತಿದ್ದೆ. ಅವನು ಜೋಳ ಬೀಸಲು ಬಂದವರ ಕೈಯಲ್ಲಿ ಹೇಳಿ ಕಳಿಸುತ್ತಿದ್ದ. ನಾಲ್ಕು ವರ್ಷ ಹೀಗೆ ಸುಸೂತ್ರವಾಗಿ ನಡೆದಿತ್ತು.

ಐದನೇ ವರ್ಷ ಪಾಟೀಲ ಸಾಹೇಬರು ಪಟ್ಟಿಯನ್ನು ತಾಲ್ಲೂಕಿನ ಪ್ರಕಾರ ಬೇಡ, ಜೀಪು ಹೋಗುವ ದಾರಿಯ ಪ್ರಕಾರ ಜೋಡಿಸಿ ಎಂದರು. ನಾಗವೇಣಿ ಗಿಡವನ್ನು ಮುಟ್ಟದೆ ಹೊರಗಿನಿಂದಲೇ ಜೇಸನ್ ಕಡತವನ್ನು ಹೊಸ ಕ್ರಮದಲ್ಲಿ ಜೋಡಿಸಿದಳು.

"ಕಾಕಾ, ಈಗ ಗಿಡಾ ತೆರದ್ರ ಒಡಲು ಸರದಿರ್ತಾವ, ತಲೆಬರಹ ಹಳೇ ಜಾಗದಾಗ ಇರ್ತಾವ. ಒಂದೊಂದು ಎಲಿ ನೋಡಿ ಸರಿ ಮಾಡಿಕೋರಿ. ಮರೀಬ್ಯಾಡ್ರಿ ಮತ್ತ."

"ಆತವಾ, ನೋಡತೀನಿ."

ನೋಡಲಿಲ್ಲ. ಗಿಡ ತೆರೆದೆ. ಮೇಲಿನ ನಾಲ್ಕೈದು ಎಲೆಗಳ ಜಾಗ ಬದಲಾಗಿರಲಿಲ್ಲ, ಸರಿಯಾಗಿಯೇ ಇದ್ದವು. ಉಳಿದವೂ ಸರಿ ಇರುತ್ತವೆ ಎಂದುಕೊಂಡು ಚಹಾಕ್ಕೆ ಎದ್ದೆ. ಕಿನ್ನಾಳದಲ್ಲಿ ಬಣ್ಣ ಹಚ್ಚಿ ಒಣಗಲು ಸಾಲಾಗಿಟ್ಟ ಗೊಂಬೆಗಳನ್ನು ನೋಡಿದ್ದೀರಲ್ಲ, ಅವುಗಳ ತಲೆಗಳನ್ನು ಯಾರೋ ಒಂದರ ಮೇಲಿನದನ್ನು ಇನ್ನೊಂದರ ಮೇಲೆ ಇಟ್ಟು ಹೋದಂತೆ ಆಗಿತ್ತು ನನ್ನ ಗಿಡ. ದೂರದಿಂದ ಎಲ್ಲ ಗೊಂಬೆಗಳಿಗೂ ತಲೆ ಇದ್ದೇ ಇತ್ತು.

ಆ ವರ್ಷ ಕ್ರಾಸಿಂಗ್ ನಿಲ್ಲಿಸುವ ದಿನವನ್ನು ಕಂಪನಿ ಒಂದು ವಾರ ಮುಂಚೆ ತಂದಿತು. ಎಲ್ಲರಿಗೂ ಮೆಸೇಜ್ ಹೋಯಿತು. ಫೋನ್ ಮಾಡಿ ಹೇಳಬೇಕಾದವರ ತಲೆಬರಹಗಳನ್ನು ನಾನು ಒಂದೊಂದಾಗಿ ತೆರೆದು, ಒಡಲಿನಲ್ಲಿದ್ದ ಹೆಸರು, ಊರು ನೋಡಿ, ಆಯಾ ಊರಿನ ಗಿರಣಿಗೋ ಅಂಗಡಿಗೋ ಹೇಳಿದೆ. ದೇವಕ್ಕನ ತಲೆಬರಹದ ಕೆಳಗೆ ಈಗ ಕೂತಿದ್ದವರು ಹನುಮಗೌಡರು. ಅವರ ಊರಿನ ಗಿರಣಿಗೆ ಫೋನ್ ಮಾಡಿ, "ಗೌಡರಿಗೆ ಹೇಳ್ರಿ, ಬುಧವಾರ ಬಂದ್" ಎಂದೆ. ಗೌಡರಿಗೆ ಯಾಕೆ ಗಿರಣಿಯ ಮೂಲಕ ಹೇಳಬೇಕು, ಕಿಸೆಯಲ್ಲೇ ಫೋನಿದೆಯಲ್ಲ ಎಂದು ಒಂದು ಗಳಿಗೆ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಕೈ ಕೆಲಸ ಮಾಡುತ್ತಿತ್ತು, ತಲೆ ಬೇರೆಲ್ಲೋ ಇತ್ತು. ಗೌಡರಿಗೆ ಒಂದೇ ಸುದ್ದಿ ಎರಡು ಸಲ ಬಂತು. ದೇವಕ್ಕನ ಮೆಸೇಜು ಕಾರಟಗಿಯಲ್ಲಿ ಅಳಿಯನ ಕಿಸೆಯಲ್ಲಿ ಉಳಿಯಿತು.

ಗುರುವಾರ ಪರಿಶೀಲನೆಯವರು ಹೋದಾಗ ದೇವಕ್ಕ ತನ್ನ ಎಂಟು ಮಂದಿಯೊಂದಿಗೆ ಇನ್ನೂ ಕ್ರಾಸಿಂಗ್ ಮಾಡುತ್ತಿದ್ದಳು. ದಾರವಿಲ್ಲದ ಮಿಡಿಗಳು ಹತ್ತಿ ಗಿಡದ ತುಂಬ. ಪ್ಲಾಟು ರದ್ದು.

ಮರುದಿನ ಕಚೇರಿಗೆ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. ಪಾಟೀಲ ಸಾಹೇಬರ ಮೇಜಿನ ಮುಂದೆ ನಿಂತು, "ಸಾಹೇಬ್ರ, ಬಂದ್ ಮಾಡೂ ದಿನಾ ಒಂದ ವಾರ ಮೊದಲ ಬಂದದ್ದು ನನಗ ಯಾರೂ ಹೇಳಿಲ್ರಿ. ಹೇಳಿದ್ರ ನಾ ಒಂದ ದಿನದಾಗ ಕಿತ್ತು ಹಾಕಸ್ತಿದ್ದೆ. ಎಂಟು ಮಂದಿ ಅದಾರ ನನ್ನ ಹಂತ್ಯಾಕ" ಎಂದಳು.

ಪಾಟೀಲರು ನನ್ನ ಕಡೆ ತಿರುಗಿದರು. "ಶೇಖರಪ್ಪ, ಮೆಸೇಜ್ ಹೋಗೈತೇನು?"

ನಾನು ಗಿಡ ತೆರೆದು ಅವಳ ಹೆಸರು ಹುಡುಕಿದೆ. ಅವಳ ಒಡಲಿನ ಮೇಲೆ "ನಾಯಿ ಕಚ್ಚುತ್ತದೆ" ಎಂಬ ತಲೆಬರಹವಿತ್ತು. ದೇವಕ್ಕನ ಮನೆಯಲ್ಲಿ ನಾಯಿಯೇ ಇರಲಿಲ್ಲ. ಆ ಗಳಿಗೆಯಲ್ಲಿ ನನಗೆ ಎಲ್ಲವೂ ತಿಳಿಯಿತು.

"ಹೋಗೈತ್ರಿ ಸರ್" ಎಂದೆ.

ದೇವಕ್ಕ ನನ್ನತ್ತ ನೋಡಿದಳು. "ಅಣ್ಣಾರ, ಯಾವಾಗ್ಲೂ ಗಿರಣಿಗೆ ಹೇಳತಿದ್ರೆಲ್ಲ. ಈ ಸಲಾನೂ ಹೇಳೀರೇನ್ರಿ?"

"ಹೇಳೀನವಾ."

ಮೆಸೇಜ್ ಹೋಗಿದ್ದು ನಿಜ. ಗಿರಣಿಗೆ ಹೇಳಿದ್ದೂ ನಿಜ, ಬೇರೆ ಊರಿನ ಗಿರಣಿಗೆ. ಎರಡು ನಿಜ ಕೂಡಿಸಿ ನಾನು ಒಂದು ಸುಳ್ಳು ಮಾಡಿದೆ. ಇದೂ ಒಂದು ಬಗೆಯ ಕ್ರಾಸಿಂಗೇ.

ಅವಳು, "ಹಂಗಾದ್ರ ಯಮನಪ್ಪ ಮರತಾನ" ಎಂದು ಹೊರಟುಹೋದಳು. ಕಡತದಲ್ಲಿ ಪ್ಲಾಟು ರದ್ದಾದ ಕಾರಣದ ಸಾಲಿನಲ್ಲಿ "ಬೆಳೆಗಾರರ ನಿರ್ಲಕ್ಷ್ಯ" ಎಂದು ನಾನೇ ಟೈಪ್ ಮಾಡಿದೆ. ಆ ಪದ ಇದ್ದವರಿಗೆ ಮುಂದಿನ ವರ್ಷ ಪ್ಲಾಟು ಕೊಡುವುದಿಲ್ಲ ಎಂಬುದು ಕಂಪನಿಯ ನಿಯಮ. ದೇವಕ್ಕನ ಹೆಸರು ಪಟ್ಟಿಯಿಂದ ಹೋಯಿತು. ಅಲ್ಪವಿರಾಮ ಒಂದೂ ಹೆಚ್ಚಾಗಲಿಲ್ಲ, ಕಡತ ಶುದ್ಧವಾಗಿತ್ತು.

ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇದ್ದವು. ಆ ನಾಲ್ಕೂ ವರ್ಷ ಬಾಯಿ ಬಿಡಲಿಲ್ಲ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, "ಶೇಖರಪ್ಪಾರ ಕಡತದಾಗ ಒಂದ ತಪ್ಪು ಸಿಗಂಗಿಲ್ಲ" ಎಂದು ಭಾಷಣ ಮಾಡಿದರು. ನಾನು ಕೈಮುಗಿದೆ.

ನಾಗವೇಣಿ ಬರೆಯಲು ಹೇಳಿದಾಗ ಈ ಪ್ರಸಂಗವನ್ನೂ ಹನುಮಗೌಡರ ಪ್ರಸಂಗದ ಹಾಗೆ ನಗೆಯಾಗಿ ಬರೆದುಬಿಡೋಣ ಎಂದು ಕೂತೆ. ತಲೆಗಳು ಅದಲುಬದಲಾದ ಗೊಂಬೆಗಳವರೆಗೆ ಪೆನ್ನು ಓಡಿತು. "ಹೋಗೈತ್ರಿ ಸರ್" ಎಂಬಲ್ಲಿ ನಿಂತುಬಿಟ್ಟಿತು. ಮೂರು ದಿನ ಅಲ್ಲೇ ನಿಂತಿತ್ತು. ನಾಲ್ಕನೇ ದಿನ ಯಲಬುರ್ಗಾದ ಬಸ್ಸು ಹತ್ತಿದೆ.

ದೇವಕ್ಕ ಬೇರೊಬ್ಬರ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡಿಸುತ್ತಿದ್ದಳು. ಅವೇ ಎಂಟು ಮಂದಿ. ಬದುವಿನ ಮೇಲೆ ನಿಂತು ನಾನು ಎಲ್ಲವನ್ನೂ ಹೇಳಿದೆ. ತಲೆಬರಹ, ಒಡಲು, ಶುದ್ಧ ಕಡತ ಎಲ್ಲ. ಹೇಳುತ್ತ ಹೇಳುತ್ತ, ತಪ್ಪು ನನ್ನದಲ್ಲ, ಷರಾಕ್ಕೆ ಜಾಗವಿಲ್ಲದ ಆ ಜೇಸನ್ನಿನದು ಎನ್ನುವ ಧಾಟಿಗೆ ನನಗೇ ತಿಳಿಯದೆ ಜಾರಿದ್ದೆ. ಅವಳು ಕೈಯ ಕೆಲಸ ನಿಲ್ಲಿಸದೆ ಕೇಳಿದಳು. ಕೂಡಿಸಿದ ಹೂವಿಗೆ ಕೆಂಪು ದಾರ ಸುತ್ತಿ ಗಂಟು ಬಿಗಿದಳು.

"ಅಣ್ಣಾರ, ನೀವು ಹೇಳಿದ್ದು ನಂಗ ಅರ್ಧಾನೂ ತಿಳೀಲಿಲ್ಲ. ಆದ್ರ ಒಂದು ಕೇಳತೀನಿ. ದಾರಾ ಹೂವಿಗೆ ಕಟ್ಟತಾರೋ, ಬೇಲಿಗೆ ಕಟ್ಟತಾರೋ?"

"ಹೂವಿಗೆ."

"ನೀವು ಬೇಲಿಗೆ ಕಟ್ಟಿದ್ರಿ. ಬೇಲಿ ಸರೀತು."

ನಾನು ತಲೆ ತಗ್ಗಿಸಿದೆ. "ತಪ್ಪಾತವಾ. ನಿನ್ನ ಮುಂದ ಹೇಳಿ ಹೋಗಾಕ ಬಂದೀನಿ."

ಅವಳು ಆಗ ನಕ್ಕಳು. ಅಷ್ಟು ಚಂದದ ನಗೆಯೇನಲ್ಲ. "ನನ್ನ ಮುಂದ ಹೇಳಿ ಏನ ಮಾಡತೀರಿ? ಸುದ್ದಿ ಬಂದಿದ್ದಿಲ್ಲ ಅಂಬೂದು ನನಗ ಅವತ್ತ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೇಳ್ರಿ. ಯಮನಪ್ಪ ಮರತಾನಂತ ನಾ ಅವನ ಗಿರಣಿ ಬಿಟ್ಟೆ. ಈ ವಯಸ್ಸಿನ್ಯಾಗ ಜ್ವಾಳದ ಗಂಟು ಹೊತ್ತು ಬಾಜೂ ಊರಿಗೆ ಹೋಗತೀನಿ. ನಂಗ ಯಾರೂ ಹೇಳಿಲ್ಲ ಹೇಳಿಲ್ಲ ಅಂತ ಅವ ಆಣಿ ಮಾಡಿದ. ಮಂದಿ ಮುಂದ ಅವನ್ನ ಸುಳ್ಳಗಾರ ಅಂದೆ. ಬರ್ರಿ ನಡೀರಿ."

ಅವಳು ಹೋಗಿ ಮನೆಯಿಂದ ಜೋಳದ ಗಂಟು ತಂದಳು. ಎಂಟು ಮಂದಿಯೂ ದಾರದ ಉಂಡೆಗಳನ್ನು ಸೆರಗಿಗೆ ಸಿಕ್ಕಿಸಿಕೊಂಡು ಹಿಂದೆ ಬಂದರು. ಯಮನಪ್ಪನ ಗಿರಣಿಯ ಮುಂದೆ ಬೀಸಲು ಬಂದವರು ಏಳೆಂಟು ಜನ ಇದ್ದರು. ಗಿರಣಿ ಓಡುತ್ತಿತ್ತು. ನಾನು ಮಾತು ಶುರು ಮಾಡಿದರೆ ಯಾರಿಗೂ ಕೇಳಲಿಲ್ಲ. ಅಷ್ಟಕ್ಕೆ ಬಿಟ್ಟರೆ ಸಾಕೆಂದು ನನಗೆ ಒಳಗೇ ಆಸೆ. ದೇವಕ್ಕ ಬಿಡಲಿಲ್ಲ.

"ಯಮನಪ್ಪಾ, ಬಂದ್ ಮಾಡಪಾ ಒಂದೀಟು. ಕೊಪ್ಪಳದ ಸಾಹೇಬ್ರು ಮಾತಾಡವ್ರದಾರ."

ಗಿರಣಿ ನಿಂತಿತು. ಹಿಟ್ಟಿನ ಧೂಳು ಮಾತ್ರ ತೇಲುತ್ತಿತ್ತು. ನಾನು ಹೇಳಿದೆ: ದೇವಕ್ಕನಿಗೆ ಸುದ್ದಿ ತಿಳಿಸಬೇಕಾದವನು ನಾನು, ತಿಳಿಸಲಿಲ್ಲ. ಯಮನಪ್ಪನಿಗೆ ಫೋನ್ ಮಾಡಿರಲಿಲ್ಲ, ಮಾಡಿದ್ದೇನೆ ಎಂದು ಸುಳ್ಳು ಹೇಳಿದೆ. ಪ್ಲಾಟು ರದ್ದಾದದ್ದು ನನ್ನಿಂದ. ಬೀಳ್ಕೊಡುಗೆಯಲ್ಲಿ ನನ್ನ ಬಗ್ಗೆ ಮಾಡಿದ ಭಾಷಣಕ್ಕಿಂತ ಇದು ಬಹಳ ಚಿಕ್ಕದು.

ಯಮನಪ್ಪ ಮೀಸೆಯ ಮೇಲಿನ ಹಿಟ್ಟು ಒರೆಸಿಕೊಂಡ. ಬೈಯುತ್ತಾನೆಂದು ಕಾದೆ. ಅವನು ನನ್ನ ಕಡೆ ನೋಡಲೇ ಇಲ್ಲ. ದೇವಕ್ಕನತ್ತ ಕೈ ಚಾಚಿ, "ಕೊಡಬೇ ಯಕ್ಕಾ ಗಂಟು. ನಾಕು ವರ್ಷದ ಜ್ವಾಳ ಕೂಡಿರಬೇಕು" ಎಂದ. ಅವಳು ಕೊಟ್ಟಳು. ಗಿರಣಿ ಮತ್ತೆ ಓಡಿತು.

ಮರುದಿನ ಕಚೇರಿಗೆ ಹೋಗಿ ನಾಗವೇಣಿಯ ಮುಂದೆ ಕೂತು ಹೇಳಿದೆ. ಅವಳು ನಗಲಿಲ್ಲ. ಹಳೆಯ ಕಡತ ತೆರೆದು ಕುರ್ಚಿ ನನಗೆ ಬಿಟ್ಟಳು. "ಬೆಳೆಗಾರರ ನಿರ್ಲಕ್ಷ್ಯ" ಎಂದಿದ್ದನ್ನು ಅಳಿಸಿ "ಕಚೇರಿಯ ತಪ್ಪು" ಎಂದು ನಾನೇ ಟೈಪ್ ಮಾಡಿದೆ. ಅದು ತಲೆಬರಹವಲ್ಲ, ಯಂತ್ರ ಓದುವ ಸಾಲು. ಪಾಟೀಲರ ಜಾಗಕ್ಕೆ ಬಂದ ಹೊಸ ಮ್ಯಾನೇಜರಿಗೆ ಒಂದು ಪತ್ರವನ್ನೂ ಬರೆದುಕೊಟ್ಟೆ. ನಾಗವೇಣಿ ಅಂದೇ ಎಲ್ಲ ರೈತರಿಗೂ "ಹೇಗೆ ತಿಳಿಸಬೇಕು" ಎಂಬ ಹೊಸ ಸಾಲೊಂದನ್ನು, ಮೆಸೇಜಿನಲ್ಲಿ ಹೋಗದ ಹಾಗೆ ಮಾಡಿ, ಕಡತದ ಒಳಗೇ ಸೇರಿಸಿದಳು.

ಹೊಸಬರಿಗೆ ಕೊಡಬಹುದಾದ ಬುದ್ಧಿಮಾತು ನನ್ನ ಹತ್ತಿರ ಇರುವುದು ಇಷ್ಟೇ. ನಾಯಿ ಕಚ್ಚುತ್ತದೆ ಎಂಬುದನ್ನು ಎಲ್ಲಿ ಬೇಕಾದರೂ ಬರೆದುಕೊಳ್ಳಿ. ಯಾವ ಮಾತು ತಪ್ಪಿದರೆ ಒಬ್ಬರ ಬೆಳೆ ತಪ್ಪುತ್ತದೆಯೋ ಆ ಮಾತನ್ನು ಷರಾ ಎಂದು ತಿಳಿಯಬೇಡಿ. ಅದಕ್ಕೆ ಕಲಂ ಮಾಡಿ. ಹೊರಗಿನಿಂದ ಯಾರಾದರೂ ಕಡತ ಜೋಡಿಸಿದರೆ ಒಂದೊಂದು ಎಲೆಯನ್ನೂ ತೆರೆದು ನೋಡಿ, ಆಮೇಲೆ ಚಹಾಕ್ಕೆ ಏಳಿ.

ಈ ಸಲ ದೇವಕ್ಕನ ಹೆಸರು ಪಟ್ಟಿಗೆ ಬಂದಿದೆ. ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹಿಂದೆ ಗಿರಣಿಯ ಸದ್ದು.

"ಅಣ್ಣಾರ, ನಾ ದೇವಕ್ಕ. ನನ್ನ ಸ್ವಂತ ಫೋನ್ ಇದು, ಬರಕೋರಿ. ಕಂಪನಿ ಮೆಸೇಜ್ ಬ್ಯಾರೆ ಬಂದೈತಿ, ಯಮನಪ್ಪ ಓದಿ ಹೇಳಿದ. ಯಾರರ ಕೇಳಿದ್ರ ಹೋಗೈತಿ ಅಂತ ಹೇಳ್ರಿ. ಈ ಸಲ ಖರೇ ಆಕೈತಿ."